ಕೋಲಾರದ ಇಂಗ್ಲಿಷ್ ಬಂಗಲೆ: ಒಳಾಂಗಣವನ್ನು ಮೊದಲು ಓದಿ, ಆಮೇಲೆ ರಿಪೇರಿಗೆ ಕೈ ಹಾಕಿ

ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆ ಗಣಿಯ ಅಧಿಕಾರಿಗಳಿಗೆಂದು ಎದ್ದ ಬಂಗಲೆಗಳು, ನಂದಿಬೆಟ್ಟದ ಮೇಲಿನ ಬೇಸಿಗೆ ವಸತಿಗಳು, ಅದೇ ಮಾದರಿಯಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಉಳ್ಳವರು ಕಟ್ಟಿಸಿಕೊಂಡ ಹೆಂಚಿನ ಮನೆಗಳು: ಇವುಗಳಲ್ಲಿ ಬಹುಪಾಲಿಗೆ ಈಗ ನೂರರ ಆಸುಪಾಸಿನ ವಯಸ್ಸು. ಇಂಥ ಮನೆ ಕೈಗೆ ಬಂದವರು ಸಾಮಾನ್ಯವಾಗಿ ಮೊದಲು ತರಿಸುವುದು ಸಿಮೆಂಟು, ವಾಲ್ ಪುಟ್ಟಿ, ಪ್ಲಾಸ್ಟಿಕ್ ಎಮಲ್ಷನ್. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಬೊಬ್ಬೆ ಏಳುತ್ತದೆ, ಉಪ್ಪು ಉದುರುತ್ತದೆ, ‘ಹಳೇ ಮನೆ, ಇನ್ನು ಆಗಲ್ಲ’ ಎಂದು ಕೆಡವುವ ಮಾತು ಶುರುವಾಗುತ್ತದೆ. ಹೆಚ್ಚಿನ ಸಲ ತಪ್ಪು ಹಳೆಯ ಗೋಡೆಯದಲ್ಲ, ಅದರ ಮೇಲೆ ಮೆತ್ತಿದ ಹೊಸ ಸಾಮಾನಿನದು.

ಕೆಲಸಕ್ಕೊಂದು ಸರದಿ ಇದೆ. ಮನೆಯನ್ನು ಓದುವುದು, ನೀರು ಬರುವ ದಾರಿ ಮುಚ್ಚುವುದು, ಆಮೇಲೆ ಗೋಡೆ, ನೆಲ, ಮರ, ಎಲ್ಲಕ್ಕೂ ಕಡೆಗೆ ಬಣ್ಣ. ಈ ಸರದಿ ತಪ್ಪಿಸಿದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಡಬೇಕಾಗುತ್ತದೆ.

ಬಂಗಲೆಯ ತವರು

ಕೋಣೆಗಳು ಹೀಗೇಕೆ ಜೋಡಣೆಯಾಗಿವೆ ಎಂದು ತಿಳಿಯದೆ ಗೋಡೆ ಒಡೆಯಬಾರದು. ಆ ಜೋಡಣೆಯ ಮೂಲ ಇಂಗ್ಲೆಂಡಿನ ಹಳ್ಳಿಗಾಡಿನ ದೊಡ್ಡಮನೆಗಳಲ್ಲಿದೆ. ಮಧ್ಯಯುಗದಲ್ಲಿ ಅಲ್ಲಿ ಯಜಮಾನ, ಆಳುಕಾಳು ಎಲ್ಲರೂ ಒಂದೇ ದೊಡ್ಡ ಹಾಲ್‌ನಲ್ಲಿ ಉಣ್ಣುತ್ತಿದ್ದರು. ಬರಬರುತ್ತ ಯಜಮಾನನ ಮನೆಯವರು ಒಳಕೋಣೆಗಳಿಗೆ ಸರಿದರು, ಹಾಲ್ ಬರಿಯ ಪ್ರವೇಶದ ಜಾಗವಾಗಿ ಉಳಿಯಿತು. 1590ರ ದಶಕದಲ್ಲಿ ಡಾರ್ಬಿಶೈರಿನಲ್ಲಿ ಕಟ್ಟಿದ ಹಾರ್ಡ್‌ವಿಕ್ ಹಾಲ್‌ನಲ್ಲಿ ಅಂತಸ್ತು ಮೇಲೇರಿದಂತೆ ಚಾವಣಿಯೂ ಕಿಟಕಿಯೂ ಎತ್ತರವಾಗುತ್ತವೆ. ಗಣ್ಯರನ್ನು ಬರಮಾಡಿಕೊಳ್ಳುವ ಕೋಣೆ, ಉದ್ದನೆಯ ಗ್ಯಾಲರಿ ಎರಡೂ ತುದಿಯ ಅಂತಸ್ತಿನಲ್ಲಿವೆ. ಗಾಜು ತುಂಬ ದುಬಾರಿಯಾಗಿದ್ದ ಆ ಕಾಲದಲ್ಲಿ ಅಷ್ಟಗಲದ ಕಿಟಕಿಗಳೇ ಸಿರಿವಂತಿಕೆಯ ಸಾಕ್ಷಿ. ಮುಂದೆ 1696ರಿಂದ 1851ರವರೆಗೆ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕಿದರು. ತೆರಿಗೆ ಉಳಿಸಲು ಇಟ್ಟಿಗೆ ಕಟ್ಟಿ ಮುಚ್ಚಿದ ಕಿಟಕಿಗಳು ಅಲ್ಲಿನ ಹಲವು ಮನೆಗಳಲ್ಲಿ ಈಗಲೂ ಕಾಣುತ್ತವೆ.

ಆ ಮನೆಗಳು ಭಾರತಕ್ಕೆ ನೇರವಾಗಿ ಬಂದದ್ದಕ್ಕೂ ಉದಾಹರಣೆ ಇದೆ. ರಾಬರ್ಟ್ ಆಡಂ ಎಂಬ ವಾಸ್ತುಶಿಲ್ಪಿ ಕೈಯಾಡಿಸಿದ ಕೆಡಲ್‌ಸ್ಟನ್ ಹಾಲ್ ಕರ್ಜನ್ ಮನೆತನದ್ದು. 1803ರಲ್ಲಿ ಮುಗಿದ ಕಲ್ಕತ್ತೆಯ ಗವರ್ನಮೆಂಟ್ ಹೌಸ್, ಅಂದರೆ ಅಲ್ಲಿನ ರಾಜಭವನದ ನಕ್ಷೆಗೆ ಕೆಡಲ್‌ಸ್ಟನ್ ಮಾದರಿ. ಅದೇ ಮನೆತನದ ಲಾರ್ಡ್ ಕರ್ಜನ್ 1899ರಲ್ಲಿ ವೈಸ್‌ರಾಯ್ ಆಗಿ ಬಂದು ಆ ಕಟ್ಟಡದಲ್ಲೇ ವಾಸ ಮಾಡಿದ.

ನಮ್ಮ ಕಡೆಗೆ ಬಂದದ್ದು ಅರಮನೆಯಂಥ ಈ ಮಾದರಿಯಲ್ಲ, ವಿಕ್ಟೋರಿಯಾ ಕಾಲದ ಮನೆಯ ಕಟ್ಟಳೆ. ಊಟದ ಕೋಣೆ ಬೇರೆ, ಊಟದ ನಂತರ ಕೂರುವ ಡ್ರಾಯಿಂಗ್ ರೂಮ್ ಬೇರೆ. ಅಡುಗೆಯ ವಾಸನೆ, ಹೊಗೆ, ಬೆಂಕಿಯ ಭಯ ಮುಖ್ಯ ಕೋಣೆಗಳಿಂದ ದೂರ. ಆಳುಗಳು ಓಡಾಡುವ ದಾರಿ ಅತಿಥಿಯ ಕಣ್ಣಿಗೆ ಬೀಳಬಾರದು. ಕೋಲಾರದ ಗಣಿಗಳನ್ನು 1880ರಿಂದ ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕಾಲದಲ್ಲಿ ಬಂದ ಇಂಗ್ಲಿಷರು ಈ ಕಟ್ಟಳೆಯನ್ನು ಒಂದೇ ಅಂತಸ್ತಿನ ಬಂಗಲೆಯಲ್ಲಿ ಹಿಡಿಸಿದರು. 1885ರಲ್ಲಿ ಶುರುವಾದ ಕೆಜಿಎಫ್ ಕ್ಲಬ್ಬೂ ಅದೇ ಬದುಕಿನ ಭಾಗ. ನಂದಿಬೆಟ್ಟದಲ್ಲಿ ಇದಕ್ಕಿಂತ ಮೊದಲೇ, 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, 1478 ಮೀಟರ್ ಎತ್ತರದ ತಂಪಿಗೆ ಬೇಸಿಗೆ ಮನೆ ಮಾಡಿಕೊಂಡಿದ್ದ.

ಈಗ ನಿಮ್ಮ ಮನೆಯೊಳಗೆ ಒಂದು ಸುತ್ತು ಬನ್ನಿ. ಮುಂದೆ ಪೋರ್ಟಿಕೊ, ವರಾಂಡ. ನಡುವೆ ಡ್ರಾಯಿಂಗ್ ರೂಮ್, ಅದರ ಬೆನ್ನಿಗೆ ಅಥವಾ ಪಕ್ಕಕ್ಕೆ ಊಟದ ಕೋಣೆ. ಊಟದ ಕೋಣೆಗೂ ಹಿತ್ತಿಲಿಗೂ ನಡುವೆ ಸಣ್ಣದೊಂದು ಪ್ಯಾಂಟ್ರಿ. ಅಲ್ಲಿಂದ ಮಾಡು (ಸೂರು) ಹೊದಿಸಿದ ದಾರಿ, ಆಚೆ ಬೇರೆಯೇ ನಿಂತ ಅಡುಗೆಮನೆ ಮತ್ತು ಔಟ್‌ಹೌಸ್. ಪ್ರತಿ ಮಲಗುವ ಕೋಣೆಗೆ ಬಚ್ಚಲು, ಬಚ್ಚಲಿಗೆ ಹೊರಗಿನಿಂದ ಇನ್ನೊಂದು ಬಾಗಿಲು. ನೀರು ಹೊತ್ತು ತರುವವರು, ಮಲ ಹೊರುವವರು ಒಳಗೆ ಕಾಲಿಡದಂತೆ ಮಾಡಿದ್ದ ಬಾಗಿಲು ಅದು. ಆ ಮನೆಗಳ ಚರಿತ್ರೆಯಲ್ಲಿ ಇದನ್ನೂ ಬರೆದಿಡಬೇಕು. ಪ್ಯಾಂಟ್ರಿ ಗೋಡೆ ಕೆಡವಿ ‘ಓಪನ್ ಕಿಚನ್’ ಮಾಡುವುದು ಈಗಿನ ರೂಢಿ. ಆ ಗೋಡೆ ಹಲವು ಕಡೆ ಮಾಡಿನ ತೊಲೆಯನ್ನು ಹೊತ್ತಿರುತ್ತದೆ. ಮೇಲೆ ಹತ್ತಿ ತೊಲೆಯ ತುದಿ ಎಲ್ಲಿ ಕೂತಿದೆ ಎಂದು ನೋಡದೆ ಒಂದು ಇಟ್ಟಿಗೆಯನ್ನೂ ಕೀಳಬೇಡಿ.

ವಯಸ್ಸು ಹೇಳುವ ಗುರುತುಗಳು

ಕೆದಕುವ ಮೊದಲು ಪ್ರತಿ ಕೋಣೆಯ ನಾಲ್ಕೂ ಗೋಡೆ, ನೆಲ, ಚಾವಣಿಯ ಫೋಟೊ ತೆಗೆದು, ಅಳತೆ ಹಾಕಿ ನಕ್ಷೆ ಬರೆದುಕೊಳ್ಳಿ. ಒದ್ದೆಯ ಕಲೆ, ಬಿರುಕು, ಟೊಳ್ಳು ಪ್ಲಾಸ್ಟರ್ ಮೂರನ್ನೂ ಮೂರು ಬಣ್ಣದಲ್ಲಿ ಆ ನಕ್ಷೆಯ ಮೇಲೆ ಗುರುತಿಸಿ.

ಹೆಂಚಿನ ಬೆನ್ನಿನ ಅಚ್ಚನ್ನು ನೋಡಿ ಮನೆಯ ವರ್ಷ ಹೇಳುವವರಿದ್ದಾರೆ. ‘ಬಾಸೆಲ್ ಮಿಷನ್, 1865, ಮಂಗಳೂರು’ ಎಂದಿದ್ದರೆ ಅದು ಕಾರ್ಖಾನೆ ಶುರುವಾದ ವರ್ಷ. ಹೆಂಚು ಎಷ್ಟೋ ದಶಕ ಆಮೇಲೆ ಸುಟ್ಟಿದ್ದಾಗಿರಬಹುದು. ಅದೂ ಅಲ್ಲದೆ ಹೆಂಚು ಮನೆಯಿಂದ ಮನೆಗೆ ಹೋಗುವ ಸಾಮಾನು. ಉಕ್ಕಿನ ತೊಲೆಗಳಿದ್ದರೆ ಬಣ್ಣದ ಅಡಿಯಲ್ಲಿ ತಯಾರಕರ ಹೆಸರು ಉಬ್ಬಿಕೊಂಡಿರುತ್ತದೆ. ಡಾರ್ಮನ್ ಲಾಂಗ್ ಹೆಸರಿದ್ದರೆ ತೊಲೆ ಇಂಗ್ಲೆಂಡಿನಿಂದ ಬಂದದ್ದು, 1875ಕ್ಕಿಂತ ಹಿಂದಿನದಲ್ಲ. ಕಿಟಕಿಯ ಗಾಜಿನಾಚೆಗಿನ ಗಿಡ ಅಲೆಅಲೆಯಾಗಿ ಕಂಡರೆ ಅದು ಹಳೆಯ ಗಾಜು. ಈಗಿನ ಸಮತಟ್ಟಾದ ಫ್ಲೋಟ್ ಗಾಜಿನ ವಿಧಾನವನ್ನು ಪಿಲ್ಕಿಂಗ್ಟನ್ ಕಂಪನಿ ಹೊರಗೆಡವಿದ್ದೇ 1959ರಲ್ಲಿ. ತಲೆಯಲ್ಲಿ ಕೂಡು ಗುರುತಿನಂತೆ (+) ಗೆರೆಯಿರುವ ಸ್ಕ್ರೂ ಕಂಡರೆ ಆ ಸ್ಕ್ರೂ 1930ರ ದಶಕದ್ದು ಅಥವಾ ಅದಕ್ಕಿಂತ ಈಚಿನದು. ಒಂದೇ ಗೆರೆಯ ಸ್ಕ್ರೂ ಇದ್ದ ಮಾತ್ರಕ್ಕೆ ಹಳೆಯದೆಂದು ಹೇಳಲಾಗದು.

ವಿದ್ಯುತ್ತೂ ಒಂದು ಗುರುತು. ಇಂಗ್ಲೆಂಡಿನ ಕ್ರಾಗ್‌ಸೈಡ್ ಎಂಬ ಮನೆಯಲ್ಲಿ 1878ರಲ್ಲಿ ಜಲವಿದ್ಯುತ್ತಿನ ದೀಪ ಉರಿಯಿತು. ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ವಿದ್ಯುತ್ ಬಂದದ್ದು 1902ರಲ್ಲಿ. ಮರದ ಪಟ್ಟಿಯ ಮೇಲೆ, ಬಟ್ಟೆ ಸುತ್ತಿದ ರಬ್ಬರ್ ತಂತಿ ಇನ್ನೂ ಇದ್ದರೆ ಒಂದು ಗಜದಷ್ಟು ಮಾದರಿಗೆ ಇಟ್ಟುಕೊಂಡು ಉಳಿದುದನ್ನು ಪೂರ್ತಿ ತೆಗೆಸಿ. ಆ ರಬ್ಬರ್ ಒಣಗಿ ಪುಡಿಯಾಗಿರುತ್ತದೆ, ಶಾರ್ಟ್ ಆದರೆ ಹತ್ತಿರದಲ್ಲೇ ಒಣಮರ ಇರುತ್ತದೆ.

ಕಾಗದಪತ್ರದ ವಿಷಯ ಚಿಕ್ಕದು, ಆದರೆ ತಪ್ಪಿಸುವಂತಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಕೋಲಾರದ ಕೋಲಾರಮ್ಮ, ಸೋಮೇಶ್ವರ ಗುಡಿಗಳು, ನಂದಿ ಗ್ರಾಮದ ಭೋಗನಂದೀಶ್ವರ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಂಥ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ರಿಪೇರಿಗೂ ಮೊದಲೇ ಅನುಮತಿ ಬೇಕು.

ನೀರಿನ ದಾರಿ

ಮಾಡು, ಮಳೆನೀರಿನ ದೋಣಿ, ಪಾಯ, ಈ ಮೂರನ್ನು ಸರಿಪಡಿಸಿ ಒಂದು ಮಳೆಗಾಲ ಕಾದವರ ಗೋಡೆ ಕೆಲಸ ಬಾಳಿಕೆ ಬರುತ್ತದೆ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೋರು. ಮಾಡಿನ ಕೆಲಸ ಆಗಸ್ಟ್ ಒಳಗೆ ಮುಗಿದಿರಲಿ.

ಮಂಗಳೂರು ಹೆಂಚು 100 ಚದರ ಅಡಿಗೆ ಸುಮಾರು 150 ಬೇಕು. ಒಡೆದವುಗಳ ಜಾಗಕ್ಕೆ ಹೊಸ ಹೆಂಚು ತಂದು ತುರುಕಿದರೆ ಸೋರಿಕೆ ನಿಲ್ಲುವುದಿಲ್ಲ. ಒಬ್ಬೊಬ್ಬ ತಯಾರಕರ ಹೆಂಚಿನ ತೋಡು (ಗಾಡಿ), ತುಟಿ ಒಂದೊಂದು ಅಳತೆ. ಕಾಲು ಅಂಗುಲ ವ್ಯತ್ಯಾಸವಿದ್ದರೂ ಒಂದರೊಳಗೊಂದು ಕೂರುವುದಿಲ್ಲ. ಹೀಗೆ ಮಾಡಿ: ಇಡೀ ಮಾಡಿನಿಂದ ಚೆನ್ನಾಗಿರುವ ಹಳೆಯ ಹೆಂಚುಗಳನ್ನು ಇಳಿಸಿ, ಎದುರಿಗೆ ಕಾಣುವ ಒಂದು ಇಳಿಜಾರಿಗೆ ಅವಷ್ಟನ್ನೇ ಹಾಕಿ, ಹಿಂದಿನ ಇಳಿಜಾರಿಗೆ ಒಂದೇ ತಯಾರಕರ ಹೊಸ ಹೆಂಚು ಹಾಕಿ, ಆ ಹೆಂಚಿನ ಅಳತೆಗೆ ಸರಿಯಾಗಿ ರೀಪರುಗಳ, ಅಂದರೆ ಹೆಂಚು ಕೂರುವ ಮರದ ಪಟ್ಟಿಗಳ, ಅಂತರ ಬದಲಿಸಿ. ಇಳಿಸಿದ ಪ್ರತಿ ಹೆಂಚನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಎಂದರೆ ಇಟ್ಟುಕೊಳ್ಳಿ, ಸದ್ದು ಸತ್ತಿದ್ದರೆ ಕಣ್ಣಿಗೆ ಕಾಣದ ಬಿರುಕಿದೆ.

ಎರಡು ಇಳಿಜಾರು ಕೂಡುವ ಕಣಿವೆಯ ತಗಡು ಕನಿಷ್ಠ 18 ಅಂಗುಲ ಅಗಲವಿರಬೇಕು. ಕಿರಿದಾಗಿದ್ದರೆ ಜೋರುಮಳೆಯ ನೀರು ಹೆಂಚಿನ ಅಡಿಗೆ ನುಗ್ಗಿ ತೊಲೆಯ ತುದಿಯನ್ನೇ ನೆನೆಸುತ್ತದೆ, ಗೆದ್ದಲು ಅಲ್ಲಿಂದ ಶುರುವಾಗುತ್ತದೆ. ಔಟ್‌ಹೌಸಿನ ಮೇಲೆ ಹಳೆಯ ಕಲ್ನಾರಿನ ಶೀಟು ಇದ್ದರೆ ಕೊರೆಯಬೇಡಿ, ಒಡೆಯಬೇಡಿ, ಉಜ್ಜಬೇಡಿ. ಅದರ ಧೂಳಿನ ನಾರು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಬೇಕು.

ಮಾಡಿನ ಅಡಿಗೆ ಜಿಪ್ಸಂ ಫಾಲ್ಸ್ ಸೀಲಿಂಗ್ ಹಾಕಿಸಬೇಡಿ. 14 ಅಡಿ ಎತ್ತರದ ಕೋಣೆಯ ತಂಪು ಇರುವುದು ಬಿಸಿಗಾಳಿ ಮೇಲೇರಿ ವೆಂಟಿಲೇಟರಿನಿಂದ ಹೊರಹೋಗುವುದರಲ್ಲಿ. ಹಗ್ಗ ಎಳೆದು ತೆರೆಯುವ ಆ ಮೇಲ್ಗಿಂಡಿಗಳ ಗಡಗಡೆಗೆ ಎಣ್ಣೆ ಬಿಟ್ಟು ಹೊಸ ಹಗ್ಗ ಹಾಕಿದರೆ ಸಾಕು. ಫಾಲ್ಸ್ ಸೀಲಿಂಗ್ ಬಂದರೆ ಸೋರಿಕೆಯೂ ಮರೆಯಾಗುತ್ತದೆ, ತೊಲೆ ಕೊಳೆತು ಬಗ್ಗಿದ ಮೇಲೆಯೇ ತಿಳಿಯುವುದು.

ಪಾಯದ ಬಗ್ಗೆ: ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಕನಿಷ್ಠ 6 ಅಂಗುಲ ಕೆಳಗಿರಬೇಕು. ನೂರು ವರ್ಷದ ತೋಟಗಾರಿಕೆಯಲ್ಲಿ ಮಣ್ಣು ಏರಿರುತ್ತದೆ. ಅದರ ಮೇಲೆ ಯಾರೋ ಸಿಮೆಂಟಿನ ಜಗಲಿ ಹಾಕಿರುತ್ತಾರೆ. ನೆಲದ ತೇವ ಆವಿಯಾಗಲು ಜಾಗ ಸಿಗದೆ ಗೋಡೆಯೊಳಗೆ ಏರುತ್ತದೆ. ಗೋಡೆಗೆ ಒತ್ತಿದ ಒಂದಡಿ ಅಗಲದ ಸಿಮೆಂಟನ್ನು ಕತ್ತರಿಸಿ ತೆಗೆಯಿರಿ. ಗೋಡೆಯಿಂದ ಎರಡಡಿ ಆಚೆಗೆ ಒಂದಡಿ ಅಗಲ, ಒಂದೂವರೆ ಅಡಿ ಆಳದ ಚರಂಡಿ ತೋಡಿ, 100 ಅಡಿಗೆ ಒಂದಡಿ ಇಳಿಜಾರು ಕೊಟ್ಟು, 20ರಿಂದ 40 ಮಿ.ಮೀ. ಜಲ್ಲಿ ತುಂಬಿ, ಇಳಿಜಾರಿನ ಕಡೆಗೆ ನೀರು ಬಿಡಿ. ಪಾಯಕ್ಕೆ ತಾಗಿಸಿ ತೋಡಬಾರದು. ಹಳೆಯ ಕಲ್ಲುಪಾಯಗಳು ಹೆಚ್ಚು ಆಳಕ್ಕೆ ಇಳಿದಿರುವುದಿಲ್ಲ, ಪಕ್ಕದ ಮಣ್ಣು ಸಡಿಲವಾದರೆ ಗೋಡೆ ಕುಸಿಯುತ್ತದೆ.

ಸುಣ್ಣದ ಗೋಡೆ

ಈ ಗೋಡೆಗಳು ಸಾಮಾನ್ಯವಾಗಿ 18 ಅಂಗುಲ ದಪ್ಪ. ಇಟ್ಟಿಗೆಯೋ ಸೈಜುಗಲ್ಲೋ ಆಗಿದ್ದು ಸುಣ್ಣದ ಗಾರೆಯಲ್ಲಿ ಕಟ್ಟಿ, ಸುಣ್ಣದಲ್ಲೇ ಪ್ಲಾಸ್ಟರ್ ಮಾಡಿರುತ್ತಾರೆ. ಸುಣ್ಣದ ಗೋಡೆ ತೇವವನ್ನು ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವಕ್ಕೆ ಹೊರದಾರಿಯಿಲ್ಲ. ನೀರಿನೊಂದಿಗೆ ಬಂದ ಉಪ್ಪು ಸಿಮೆಂಟಿನ ಬೆನ್ನಿಗೆ ಹರಳುಗಟ್ಟಿ, ಮೆತ್ತನೆಯ ಹಳೆಯ ಇಟ್ಟಿಗೆಯ ಮುಖವನ್ನು ಪುಡಿ ಮಾಡುತ್ತದೆ. ಮೇಲುನೋಟಕ್ಕೆ ಸಿಮೆಂಟು ಗಟ್ಟಿಯಾಗಿಯೇ ಇರುತ್ತದೆ, ಒಳಗೆ ಇಟ್ಟಿಗೆ ಕರಗಿರುತ್ತದೆ.

ಯಾವುದು ಯಾವುದೆಂದು ಮೊಳೆಯಿಂದ ಗೀರಿ ನೋಡಿ. ಬಿಳಿ ಅಥವಾ ನಸುಗೆಂಪು ಪುಡಿ ಸುಲಭವಾಗಿ ಉದುರಿದರೆ ಸುಣ್ಣ. ಬೂದುಬಣ್ಣ, ಮೊಳೆ ಜಾರಿದರೆ ಸಿಮೆಂಟ್. ನಿಂಬೆರಸ ಹಾಕಿ ನೊರೆ ನೋಡುವ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು, ಎರಡೂ ನೊರೆ ಕೊಡುತ್ತವೆ.

ಸಿಮೆಂಟ್ ತೇಪೆಗಳನ್ನು ಉಳಿ, ಸುತ್ತಿಗೆಯಿಂದ ಅಂಚಿನಿಂದ ಒಳಕ್ಕೆ ತೆಗೆಯಿರಿ. ಬ್ರೇಕರ್ ಮೆಷಿನ್ ಬೇಡ, ಅದರ ಅದುರಿಗೆ ಪಕ್ಕದ ಒಳ್ಳೆಯ ಪ್ಲಾಸ್ಟರೂ ಬಿಡುತ್ತದೆ. ಸಿಮೆಂಟಿನ ಜೊತೆ ಇಟ್ಟಿಗೆಯ ಮುಖವೇ ಕಿತ್ತು ಬರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ತಾನಾಗಿ ಸಡಿಲವಾಗುವವರೆಗೆ ಅದನ್ನು ಬಿಡುವುದೇ ಕಡಿಮೆ ನಷ್ಟ. ಹೊರಬಂದ ಉಪ್ಪನ್ನು ಒಣಗಿದ ಬ್ರಷ್‌ನಿಂದ ಗುಡಿಸಿ ತುಂಬಿ ಎಸೆಯಿರಿ. ತೊಳೆದರೆ ಕರಗಿ ಮತ್ತೆ ಗೋಡೆಗೇ ಹೋಗುತ್ತದೆ. ಹೀಗೆ ಬೋಳಾದ ಗೋಡೆಯನ್ನು ಕನಿಷ್ಠ ಒಂದು ಬೇಸಿಗೆ ಒಣಗಲು ಬಿಡಬೇಕು. ಅವಸರ ಮಾಡಿದವರು ಸೋಲುವ ಜಾಗ ಇದೇ.

ಈಗ ಸುಣ್ಣ. ಅಂಗಡಿಯಲ್ಲಿ ಸಿಗುವ ಚೀಲದ ಪುಡಿಸುಣ್ಣ ಹಳೆಯದಾಗಿದ್ದರೆ ಚೀಲದಲ್ಲೇ ಗಾಳಿ ಕುಡಿದು ಸತ್ತಿರುತ್ತದೆ. ಸುಟ್ಟ ಸುಣ್ಣದ ಕಲ್ಲು ತಂದು ನೀವೇ ಅರಳಿಸುವುದು ಮೇಲು. ತೊಟ್ಟಿಯಲ್ಲಿ ಮೊದಲು ನೀರು ತುಂಬಿ, ಆಮೇಲೆ ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಕಲ್ಲಿನ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ, ಕಣ್ಣು ಹೋಗುವ ಅಪಾಯವಿದೆ. ಕನ್ನಡಕ, ರಬ್ಬರ್ ಕೈಗವಸು, ಉದ್ದ ತೋಳಿನ ಅಂಗಿ ಇಲ್ಲದೆ ಯಾರನ್ನೂ ತೊಟ್ಟಿಯ ಹತ್ತಿರ ಬಿಡಬೇಡಿ. ಪ್ಲಾಸ್ಟಿಕ್ ಬಕೆಟ್ ಬಿಸಿಗೆ ಮೆತ್ತಗಾಗುತ್ತದೆ, ಕಬ್ಬಿಣದ ಡ್ರಮ್ ಅಥವಾ ಇಟ್ಟಿಗೆ ತೊಟ್ಟಿ ಬಳಸಿ. ಅರಳಿದ್ದನ್ನು ಜರಡಿ ಹಿಡಿದು, ಮೇಲೆ ಎರಡಂಗುಲ ನೀರು ನಿಲ್ಲಿಸಿ, ಕನಿಷ್ಠ ಒಂದು ತಿಂಗಳು ಬಿಡಿ. ಗಟ್ಟಿ ಮೊಸರಿನ ಹದಕ್ಕೆ ಬರಬೇಕು. ಅರಳದ ಹರಳು ಉಳಿದಿದ್ದರೆ ಗೋಡೆಗೆ ಹಚ್ಚಿದ ಮೇಲೆ ಅರಳಿ, ಅಲ್ಲಲ್ಲಿ ಸಣ್ಣ ಕುಳಿಯಾಗಿ ಸಿಡಿಯುತ್ತದೆ.

ಮರಳು ತೊಳೆದ ಪ್ಲಾಸ್ಟರಿಂಗ್ ಎಂ-ಸ್ಯಾಂಡ್ ಆಗಲಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಕೈಗೆ ಹಿಟ್ಟಿನಂತೆ ಧೂಳು ಮೆತ್ತಿದರೆ ಆ ಲೋಡು ವಾಪಸ್ ಕಳಿಸಿ, ಅಷ್ಟು ನುಣುಪಿದ್ದರೆ ಪ್ಲಾಸ್ಟರ್ ಒಣಗುವಾಗ ಬಿರಿಯುತ್ತದೆ. ಕೆಜಿಎಫ್‌ನವರಿಗೆ ವಿಶೇಷವಾಗಿ ಹೇಳಬೇಕಾದದ್ದು: ಸೈನೈಡ್ ದಿಬ್ಬದ ಮಣ್ಣನ್ನು ಯಾವ ಕಾರಣಕ್ಕೂ ಗಾರೆಗೆ ಬೆರೆಸಬೇಡಿ. ಚಿನ್ನ ತೆಗೆದ ಅದಿರಿನ ಪುಡಿ ಅದು. ತೀರ ನುಣುಪು, ಉಪ್ಪು ಮತ್ತು ರಾಸಾಯನಿಕದ ಶೇಷ ಇರುವಂಥದು, ಅದರ ಧೂಳು ಮನೆಯೊಳಗೆ ಬರಬಾರದು. ಕಲಸುವ ನೀರು ಮಳೆನೀರಾದರೆ ಒಳ್ಳೆಯದು. ಬೋರ್‌ವೆಲ್ ನೀರು ಸಪ್ಪೆಯಾಗಿಲ್ಲದಿದ್ದರೆ ಹೊಸ ಪ್ಲಾಸ್ಟರಿಗೂ ನೀವೇ ಉಪ್ಪು ತುಂಬಿದಂತೆ.

ಅಳತೆ ಪ್ರಮಾಣದಲ್ಲೇ ಹೇಳುವುದಾದರೆ, ಒಳಪದರಕ್ಕೆ ಒಂದು ಪಾಲು ಅರಳಿದ ಸುಣ್ಣ, ಒಂದು ಪಾಲು ಸುರ್ಕಿ, ಎರಡು ಪಾಲು ಮರಳು. ಹೊರಪದರಕ್ಕೆ ಒಂದು ಪಾಲು ಸುಣ್ಣ, ಮೂರು ಪಾಲು ನಯವಾಗಿ ಜರಡಿ ಹಿಡಿದ ಮರಳು. ಸುರ್ಕಿ ಎಂದರೆ ಚೆನ್ನಾಗಿ ಬೇಯದ ಕೆಂಪು ಇಟ್ಟಿಗೆಯ ಪುಡಿ. ಕರ್ರಗೆ ಸುಟ್ಟ ಇಟ್ಟಿಗೆಯದು ಸುಣ್ಣದೊಂದಿಗೆ ಕೂಡುವುದಿಲ್ಲ. ಎರಡೂ ಪದರ ಸೇರಿ 20 ಮಿ.ಮೀ. ದಪ್ಪಕ್ಕೆ, 100 ಚದರ ಅಡಿಗೆ ಸುಮಾರು 60 ಲೀಟರ್ ಅರಳಿದ ಸುಣ್ಣ, ಮರಳು ಸುರ್ಕಿ ಸೇರಿ ಆರೂವರೆ ಘನ ಅಡಿ ಹಿಡಿಯುತ್ತದೆ. ಇಂಗ್ಲೆಂಡಿನಲ್ಲಿ ಒಳಪದರಕ್ಕೆ ದನದ, ಕುದುರೆಯ ಕೂದಲು ಸೇರಿಸುತ್ತಿದ್ದರು. ನಮ್ಮಲ್ಲಿ ಒಂದಂಗುಲಕ್ಕೆ ಕತ್ತರಿಸಿದ ಸೆಣಬಿನ ನಾರು ಅದೇ ಕೆಲಸ ಮಾಡುತ್ತದೆ. ಅಳಲೆಕಾಯಿ ನೆನೆಸಿದ ನೀರು, ಬೆಲ್ಲ ಸೇರಿಸುವ ಪದ್ಧತಿ ನಮ್ಮ ಕಡೆ ಹಳೆಯದು, ಒಳ್ಳೆಯದೂ ಹೌದು. ಆದರೆ ಬೆಲ್ಲ ಹೆಚ್ಚಾದರೆ ಗಾರೆ ಗಟ್ಟಿಯಾಗುವುದು ತಡವಾಗುತ್ತದೆ, ಇರುವೆ, ಬೂಸ್ಟು ಹಿಡಿಯುತ್ತವೆ. ಔಟ್‌ಹೌಸಿನ ಗೋಡೆಯಲ್ಲಿ ಒಂದು ಗಜ ಹಚ್ಚಿ, ಎರಡು ವಾರ ನೋಡಿ, ಆಮೇಲೆ ಡ್ರಾಯಿಂಗ್ ರೂಮಿಗೆ ಬನ್ನಿ.

ಹಿಂದಿನ ಸಂಜೆಯೇ ಗೋಡೆಗೆ ನೀರು ಹೊಡೆದಿರಬೇಕು. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ಒಳಪದರ 10ರಿಂದ 12 ಮಿ.ಮೀ. ಮೀರದಿರಲಿ. ಕರಣೆಯಿಂದ ಒತ್ತಿ ಎಸೆದು, ಮರದ ಹಲಗೆಯಿಂದ ಸಮ ಮಾಡಿ, ಮೈಯನ್ನು ಅಡ್ಡಡ್ಡ ಗೀರಿಬಿಡಿ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬಾರದು, ಉಗುರಿನಿಂದ ಗೀರಿದರೆ ಬೀಳಬೇಕು. ಆ ಹದ ಬರಲು ಹವೆ ನೋಡಿ ಒಂದು ವಾರ, ಹತ್ತು ದಿನ. ಅಷ್ಟರಲ್ಲಿ ಕೂದಲೆಳೆ ಬಿರುಕು ಕಂಡರೆ ನೀರು ಚಿಮುಕಿಸಿ ಮತ್ತೆ ಹಲಗೆಯಿಂದ ಉಜ್ಜಿ ಮುಚ್ಚಿ. ಹೊರಪದರ ಹಚ್ಚಿದ ಮೇಲೆ ಏಳು ದಿನ ಒದ್ದೆ ಗೋಣಿ ಇಳಿಬಿಟ್ಟು ನೆರಳಿನಲ್ಲಿಡಿ. ಏಪ್ರಿಲ್, ಮೇ ತಿಂಗಳ ಒಣಗಾಳಿಯಲ್ಲಿ ಈ ಕೆಲಸ ಬೇಡ. ಜುಲೈ, ಆಗಸ್ಟ್ ಅಥವಾ ಮಳೆ ನಿಂತ ಡಿಸೆಂಬರ್ ಒಳ್ಳೆಯ ಕಾಲ. ‘ಬೇಗ ಹಿಡೀಲಿ’ ಎಂದು ಮೇಸ್ತ್ರಿ ಎರಡು ಬಾಂಡ್ಲಿ ಸಿಮೆಂಟ್ ಸೇರಿಸಲು ಬಂದರೆ ನಯವಾಗಿ, ಗಟ್ಟಿಯಾಗಿ ಬೇಡವೆನ್ನಿ.

ಬಿರುಕು ಯಾವ ಕಡೆಯದು

ಕೆಜಿಎಫ್ ಮನೆಗಳ ಬಿರುಕಿಗೆ ಇನ್ನೊಂದು ಕಾರಣವಿರಬಹುದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಒತ್ತಡಕ್ಕೆ ಸಿಕ್ಕಿದ ಬಂಡೆ ಸಿಡಿದಾಗ ಮೇಲಿನ ಮನೆಗಳೂ ಅದುರುತ್ತಿದ್ದವು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಬಾಗಿಲು, ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓಡುವ ಬಿರುಕು ಪಾಯ ಕುಸಿದದ್ದನ್ನು ಹೇಳುತ್ತದೆ. ಚಾವಣಿಯ ಅಡಿಗೆ ಅಡ್ಡಲಾಗಿ ಓಡುವುದು ಮಾಡು ಗೋಡೆಯನ್ನು ಹೊರಕ್ಕೆ ತಳ್ಳುತ್ತಿದೆ ಎಂದು. ಬಿರುಕು ಇನ್ನೂ ಬೆಳೆಯುತ್ತಿದೆಯೇ ತಿಳಿಯಲು ತೆಳುಗಾಜಿನ ಪಟ್ಟಿಯನ್ನು ಅಡ್ಡಲಾಗಿ ಎರಡೂ ತುದಿಗೆ ಎಪಾಕ್ಸಿಯಿಂದ ಅಂಟಿಸಿ, ತಾರೀಕು ಬರೆಯಿರಿ. ಒಂದು ವರ್ಷದಲ್ಲಿ ಗಾಜು ಒಡೆಯದಿದ್ದರೆ ಬಿರುಕನ್ನು ಬಾಯಿ ಬಿಡಿಸಿ, ಧೂಳು ತೆಗೆದು, ಸುಣ್ಣ ಸುರ್ಕಿಯ ತೆಳು ಗಾರೆ ತುಂಬಿಸಿ. ಒಡೆದರೆ, ಅಥವಾ ಬಿರುಕು 5 ಮಿ.ಮೀ.ಗಿಂತ ಅಗಲವಿದ್ದರೆ, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಬೇಕು.

ಕೆಂಪು ನೆಲ

ರೆಡ್ ಆಕ್ಸೈಡ್ ನೆಲದ ತೇಪೆ ಎಂದೂ ಹಳೆಯ ಬಣ್ಣಕ್ಕೆ ಹೊಂದದು. ಆದ್ದರಿಂದ ಕಪ್ಪು ಅಂಚಿನವರೆಗೆ ಇಡೀ ಚೌಕವನ್ನೇ ತೆಗೆದು ಹೊಸದಾಗಿ ಹಾಕಿಸಿ. ಅಡಿಯ ಕಾಂಕ್ರೀಟ್ ಗಟ್ಟಿಯಿದ್ದರೆ ಮೇಲೆ ಒಂದಕ್ಕೆ ಮೂರರ ಸಿಮೆಂಟ್ ಗಾರೆ 20 ಮಿ.ಮೀ. ಅದು ಹಸಿಯಿರುವಾಗಲೇ 3 ಮಿ.ಮೀ. ಬಣ್ಣದ ಪದರ. ಆಕ್ಸೈಡ್ ಪುಡಿ ಸಿಮೆಂಟಿನ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದು: 50 ಕೆ.ಜಿ. ಚೀಲಕ್ಕೆ 5 ಕೆ.ಜಿ. ಹೆಚ್ಚಾದರೆ ಬಣ್ಣ ಗಾಢವಾಗುವುದಿಲ್ಲ, ನೆಲ ಪುಡಿ ಬಿಡುತ್ತದೆ. ಇಡೀ ಕೋಣೆಗೆ ಬೇಕಾದಷ್ಟನ್ನೂ ಒಂದೇ ಸಲ ಒಣಗಿದ್ದಂತೆಯೇ ಬೆರೆಸಿ ಜರಡಿ ಹಿಡಿದಿಡಿ, ಇಲ್ಲದಿದ್ದರೆ ಚೌಕಕ್ಕೊಂದು ಕೆಂಪು ಬರುತ್ತದೆ. ಉಕ್ಕಿನ ಕರಣೆಯಿಂದ ಹೊಳಪು ಬರುವವರೆಗೆ ಉಜ್ಜಿ, ಮರುದಿನದಿಂದ ಏಳು ದಿನ ನೀರು ಕಟ್ಟಿ ನಿಲ್ಲಿಸಿ. ಪೂರ್ತಿ ಒಣಗಿದ ಮೇಲೆ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ ಬಟ್ಟೆಯಿಂದ ಒರೆಸಿ. ಟಾಯ್ಲೆಟ್ ಕ್ಲೀನರ್, ಆಸಿಡ್ ಒಂದು ಹನಿಯೂ ಬೇಡ. ಪ್ರವೇಶದಲ್ಲಿ ಬಣ್ಣದ ಚಿತ್ತಾರ ಒಳಗೇ ಕೂಡಿಸಿ ಸುಟ್ಟ ಇಂಗ್ಲಿಷ್ ಟೈಲ್ಸ್ ಇದ್ದರೆ ಅದಕ್ಕೂ ಇದೇ ಮಾತು: ಮೆದು ಸೋಪು, ಬಟ್ಟೆ, ಅಷ್ಟೆ.

ಮರ, ಬಣ್ಣ

ತೇಗದ ಬಾಗಿಲುಗಳ ಮೇಲೆ ಹತ್ತಾರು ಪದರ ಎಣ್ಣೆಬಣ್ಣವಿರುತ್ತದೆ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸವಿದೆ ಎಂದೇ ಎಣಿಸಿ. ಒಣಗಿದ್ದಂತೆ ಉಪ್ಪುಕಾಗದ ಹಾಕಬೇಡಿ, ಬೆಂಕಿಯಿಂದ ಸುಡಬೇಡಿ. ನೀರು ಚಿಮುಕಿಸಿ ಹೆರೆದು, ಚೂರನ್ನು ಅಡಿಯಲ್ಲಿ ಹಾಸಿದ ಪ್ಲಾಸ್ಟಿಕ್ಕಿನಲ್ಲೇ ಕಟ್ಟಿ ತೆಗೆಯಿರಿ. ಮಕ್ಕಳು, ಬಸುರಿಯರು ಆ ದಿನಗಳಲ್ಲಿ ಮನೆಯಲ್ಲಿರಬಾರದು. ಬಾಗಿಲಿನ ಹಿಂದೆ ಅಂಗೈಯಷ್ಟು ಜಾಗದಲ್ಲಿ ಪದರಗಳನ್ನು ಮೆಟ್ಟಿಲಾಗಿ ಹೆರೆದು ಹಾಗೇ ಬಿಟ್ಟರೆ ಮನೆ ಕಂಡ ಬಣ್ಣಗಳ ದಾಖಲೆ ಉಳಿಯುತ್ತದೆ.

ಗೆದ್ದಲು ತಿಂದ ಒಳಾಂಗಣದ ಮರಕ್ಕೆ 10 ಲೀಟರ್ ಬಿಸಿನೀರಿನಲ್ಲಿ 600 ಗ್ರಾಂ ಬೋರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಬಣ್ಣವಿಲ್ಲದ ಮರಕ್ಕೆ ಎರಡು ಮೂರು ಸಲ ಹಚ್ಚಿ. ಮಳೆ ತಾಗುವ ಮರಕ್ಕೆ ಇದು ಪ್ರಯೋಜನವಿಲ್ಲ, ತೊಳೆದುಹೋಗುತ್ತದೆ. ಕಿಟಕಿಯ ಮೇಲಿನ ಮರದ ಜಾಲರಿಯ ಮುಂಚಾಚು, ಜನ ಮಂಕಿ ಟಾಪ್ ಎನ್ನುವುದು, ಹೊರಗಿನದಾದ್ದರಿಂದ ಅದಕ್ಕೆ ಅಗಸೆ ಎಣ್ಣೆ ಮತ್ತು ಎಣ್ಣೆಬಣ್ಣವೇ ಸರಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹರವಿ ಒಣಗಿಸಿ ಅಥವಾ ನೀರಿನಲ್ಲಿ ಮುಳುಗಿಸಿಡಿ.

ಗೋಡೆಗೆ ಸುಣ್ಣವನ್ನೇ ಬಳಿಯಿರಿ: ಬಟ್ಟೆಯಲ್ಲಿ ಸೋಸಿದ ತೆಳು ಸುಣ್ಣ, ಹಾಲಿನ ಹದ, ಕನಿಷ್ಠ ಮೂರು ಪದರ, ಪ್ರತಿ ಪದರದ ನಡುವೆ ಒಂದು ದಿನ. ಬಳಿದಾಗ ಬಳಿದದ್ದೇ ಕಾಣದಷ್ಟು ತೆಳುವಾಗಿರಬೇಕು, ಒಣಗಿದಾಗ ಬೆಳ್ಳಗಾಗುತ್ತದೆ. ದಪ್ಪಗೆ ಬಳಿದರೆ ಕೈಗೆ ಮೆತ್ತುತ್ತದೆ. ಕಾವಿ, ಹಳದಿ ಮಣ್ಣಿನ ಬಣ್ಣ ಸುಣ್ಣಕ್ಕೆ ತಡೆಯುತ್ತವೆ. ಇಂಗ್ಲಿಷ್ ಮನೆಗಳಲ್ಲಿ ಕುರ್ಚಿಯ ಬೆನ್ನು ತಾಗುವ ಮೂರಡಿ ಎತ್ತರಕ್ಕೆ ಮರದ ಪಟ್ಟಿ ಹೊಡೆದು ಕೆಳಗೆ ಗಾಢ, ಮೇಲೆ ತಿಳಿ ಬಣ್ಣ ಹಚ್ಚುತ್ತಿದ್ದರು. ಈ ಎರಡು ಬಣ್ಣದ ಭಾಗವನ್ನು ನಿಮ್ಮ ಗೋಡೆಯಲ್ಲೂ ಕಾಣಬಹುದು, ಅಳಿಸಬೇಡಿ. ಆದರೆ ಆ ಕೆಳಭಾಗಕ್ಕೆ ಎಣ್ಣೆಬಣ್ಣ ಬೇಡ, ತೇವ ಏರುವುದು ಅಲ್ಲಿಯೇ.

ಅಗ್ಗಿಷ್ಟಿಕೆ

ಮುಚ್ಚಿದ ಅಗ್ಗಿಷ್ಟಿಕೆಯನ್ನು ತೆರೆದು ಉರಿಸುವ ಆಸೆ ಎಲ್ಲರಿಗೂ ಇರುತ್ತದೆ, ನಂದಿಬೆಟ್ಟದ ಚಳಿಯಲ್ಲಂತೂ ಅದು ಸಹಜ. ಮೊದಲು ಮೇಲಿನಿಂದ ಟಾರ್ಚ್ ಬಿಟ್ಟು ನೋಡಿ: ಹಕ್ಕಿಗೂಡು, ಜೇನು, ಉದುರಿದ ಇಟ್ಟಿಗೆ ಇದ್ದೇ ಇರುತ್ತವೆ. ಮಾಡಿನ ಮರ ಚಿಮಣಿಗೆ ತಾಗಿದ್ದರೆ, ಚಿಮಣಿಯ ಒಳಗಾರೆ ಉದುರಿದ್ದರೆ, ಉರಿಸುವಂತಿಲ್ಲ. ಕಿಡಿ ಆ ಸಂದಿಯಿಂದಲೇ ಮರಕ್ಕೆ ತಲುಪುತ್ತದೆ.

ಹೊಗೆ ಕೋಣೆಗೆ ಬರುವುದಕ್ಕೆ ಸಾಮಾನ್ಯ ಕಾರಣ ಬಾಯಿ ದೊಡ್ಡದು, ಗಂಟಲು ಅಗಲ. 1796ರಲ್ಲಿ ಕೌಂಟ್ ರಮ್‌ಫರ್ಡ್ ಇದನ್ನೇ ತಿದ್ದಿದ: ಗೂಡಿನ ಆಳ ಕಡಿಮೆ ಮಾಡಿ, ಎರಡು ಪಕ್ಕಗಳನ್ನು ಓರೆಯಾಗಿಸಿ, ಗಂಟಲನ್ನು ನಾಲ್ಕಂಗುಲಕ್ಕೆ ಇಳಿಸಿದ. ಹೊಗೆ ಸಲೀಸಾಗಿ ಏರಿತು, ಓರೆ ಪಕ್ಕದಿಂದ ಶಾಖವೂ ಕೋಣೆಗೆ ಚಿಮ್ಮಿತು. ನಿಮ್ಮದು ಆಳವಾದ ಚೌಕ ಗೂಡಾದರೆ ಬೆಂಕಿ ಇಟ್ಟಿಗೆ ಮತ್ತು ಬೆಂಕಿಮಣ್ಣಿನಿಂದ ಒಳಗೆ ಓರೆ ಗೋಡೆ ಕಟ್ಟಿಸಬಹುದು, ಹಳೆಯದನ್ನು ಒಡೆಯಬೇಕಿಲ್ಲ. ಚಿಮಣಿಯ ಒಳಕೊಳವೆಯ ಅಡ್ಡಕೊಯ್ತ ಗೂಡಿನ ಬಾಯಿಯ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆಯಿದ್ದರೆ ಬಾಯಿಯ ಮೇಲಂಚನ್ನೇ ತಗ್ಗಿಸಿ. ಕಾಗದದ ಸುರುಳಿ ಹೊತ್ತಿಸಿ ಗಂಟಲಿನ ಹತ್ತಿರ ಹಿಡಿಯಿರಿ. ಜ್ವಾಲೆ ಮೇಲಕ್ಕೆ ಎಳೆದುಕೊಂಡರೆ ಒಣಸೌದೆಯ ಸಣ್ಣ ಬೆಂಕಿಯಿಂದ ಶುರು ಮಾಡಿ, ಮೂರು ನಾಲ್ಕು ದಿನ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಹಸಿ ಚಿಮಣಿಗೆ ಮೊದಲ ದಿನವೇ ದೊಡ್ಡ ಉರಿ ಕೊಟ್ಟರೆ ಒಳಗಿನ ತೇವ ಆವಿಯಾಗಿ ಇಟ್ಟಿಗೆ ಸೀಳುತ್ತದೆ. ಕಿಟಕಿಯೊಂದನ್ನು ನಾಲ್ಕು ಬೆರಳಷ್ಟು ತೆರೆದಿಟ್ಟಿರಬೇಕು. ಉರಿಸುವುದಿಲ್ಲ ಎಂದಾದರೆ ಗೂಡಿನ ಬಾಯಿಯನ್ನು ಹಲಗೆಯಿಂದ ಮುಚ್ಚಿ, ಆ ಹಲಗೆಯಲ್ಲಿ ಅಂಗೈಯಗಲದ ಜಾಲರಿ ಇಡಿ. ಚಿಮಣಿಯ ತಲೆಗೆ ಮಳೆ ತಡೆಯುವ, ಗಾಳಿ ಬಿಡುವ ಕಲ್ಲುಚಪ್ಪಡಿಯ ಮುಚ್ಚಳವನ್ನು ನಾಲ್ಕು ಇಟ್ಟಿಗೆಯ ಮೇಲೆ ಕೂರಿಸಿ.